ಒಂದು ಚುಕ್ಕಿಯೂ ಇರಬಾರದು

ಕಂಡಕ್ಟರನ ಕಿವಿಯ ಹಿಂದೆ ಒಂದು ಕರಿ ಮಚ್ಚೆ, ಹೆಸರುಕಾಳಿನಷ್ಟು, ಅವನು ಬಗ್ಗಿದಾಗ ಕಾಣುತ್ತದೆ, ನೆಟ್ಟಗಾದಾಗ ಕೂದಲಲ್ಲಿ ಅಡಗುತ್ತದೆ, ಹುಟ್ಟುತ್ತಲೇ ಬಂದದ್ದು, ತಿಕ್ಕಿದರೆ ಹೋಗುವಂಥದ್ದಲ್ಲ, ಪುಣ್ಯವಂತ — ಆಧಾರ್ ತೋರ್ಸಮ್ಮ, ಎಲ್ಲಿಗೆ, ಎಷ್ಟ್ ಸಲ ಕೇಳೋದು — ಯಂಕಮ್ಮ ಎಲೆಅಡಿಕೆಯ ಸಂಚಿಯೊಳಗೆ ಕೈ ಇಳಿಸಿದಳು, ಕಾರ್ಡಿಗಿಂತ ಮೊದಲು ಬೆರಳಿಗೆ ಚಾಕು ಸಿಕ್ಕಿತು, ಮಡಚಿದ ಚಾಕು, ಬೆಳಗ್ಗೆ ಇದೇ ಸಂಚಿಯಲ್ಲಿ ಬರುವಾಗ ತುಕ್ಕು ಹಿಡಿದು ಒರಟೊರಟಾಗಿತ್ತು, ಈಗ ಹೋಗುವಾಗ ನುಣ್ಣಗೆ, ಹಸುಗೂಸಿನ ಕೆನ್ನೆಯಷ್ಟು ನುಣ್ಣಗೆ, ಬೆಂಕಿ ಬೀಳಲಿ ಆ ನುಣುಪಿಗೆ, ಅದನ್ನು ಪಕ್ಕಕ್ಕೆ ಸರಿಸಿ ಕಾರ್ಡು ತೆಗೆದು ಹಿಡಿದಳು, ಅವನು ನೋಡಿದ ಹಾಗೆ ಮಾಡಿ ಸೊನ್ನೆ ಟಿಕೆಟ್ಟು ಹರಿದುಕೊಟ್ಟ. ಕಾರ್ಡಿನ ಮೇಲೇನು ಬರೆದಿದೆ ಎಂದು ಓದಲು ಅವಳಿಗೆ ಬಾರದು, ಆದರೂ ಗೊತ್ತು, ಪಕ್ಕದ ರೂಮಿನ ರೇವತಿ ಎಷ್ಟೋ ಸಲ ಓದಿ ಹೇಳಿದ್ದಾಳೆ, ಯಂಕಮ್ಮ, ಪೀರಪ್ಪನ ಹೆಂಡತಿ, ಸರ್ಕಾರಕ್ಕೆ ಅವಳು ಇನ್ನೂ ಹೆಂಡತಿಯೇ, ಪೀರಪ್ಪ ಮನೆಯಿಂದ ಹೋಗಿ ಎರಡು ವರ್ಷ ನಾಲ್ಕು ತಿಂಗಳಾದರೂ ಸರ್ಕಾರಕ್ಕೆ ಅನುಮಾನವಿಲ್ಲ, ಅನುಮಾನವೆಲ್ಲ ಸುರಪುರದಲ್ಲಿರುವ ಮೈದುನ ಕಿರಣಕುಮಾರನಿಗೆ, ವಾರಕ್ಕೊಮ್ಮೆ ಫೋನು, ವೈನಿ ಎಷ್ಟ ದಿನಾ ಅಂತ ಕಾಯ್ತಿ, ಅಣ್ಣ ಇದ್ದಿದ್ರ ಇಷ್ಟೊತ್ತಿಗೆ ಬರ್ತಿದ್ದಿಲ್ಲೇನು, ಈ ಅಮಾಸಿಗಿ ನಾನೇ ಬರ್ತೀನಿ, ದಿವಸ ಮಾಡಿ ಮುಗಿಸಿಬಿಡೋಣ, ಆತ್ಮಕ್ಕ ಶಾಂತಿ ಆಗ್ಲಿ — ಯಾರ ಆತ್ಮಕ್ಕೋ ಖೋಡಿ, ಸತ್ತವನ ಹೆಣ ಎಲ್ಲಿದೆ ತೋರಿಸು ನೋಡೋಣ, ಎಂದು ಬೈದು ಫೋನು ಇಟ್ಟಿದ್ದಳು, ಆಮೇಲೆ ಕೈ ತಾನಾಗಿ ಹಣೆಗೆ ಹೋಗಿತ್ತು, ಕುಂಕುಮ ಇದೆಯೋ ಇಲ್ಲವೋ ನೋಡಲು, ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನ. ಬಸ್ಸು ಶಿವಾಜಿನಗರದ ಸ್ಟ್ಯಾಂಡಿನಿಂದ ಹೊರಕ್ಕೆ ತಿರುಗುವಾಗ ಮೈಯೆಲ್ಲ ಒಂದು ಕಡೆಗೆ ವಾಲಿತು, ಎಲ್ಲಿಗೆ ಎಂದದ್ದಕ್ಕೆ ಅವಳು ಕಗ್ಗದಾಸಪುರ ಎಂದುಬಿಟ್ಟಿದ್ದಳು, ಮನೆಯ ಹೆಸರೇ ಬಾಯಿಗೆ ಬಂದದ್ದು, ಇಳಿಯಬೇಕಾದದ್ದು ಎರಡು ಸ್ಟಾಪು ಮೊದಲು, ಪೊಲೀಸ್ ಸ್ಟೇಷನ್ನಿನ ಹತ್ತಿರ, ಅಲ್ಲಿ ಅಂಜನಮೂರ್ತಿ ಸಾಹೇಬರು ನಾಲ್ಕು ಗಂಟೆಯವರೆಗೆ ಇರುತ್ತೇನೆ ಎಂದಿದ್ದಾರೆ, ಚಾಕು ತೊಗೊಂಡ್ ಬಾಮ್ಮ, ಹೆಸರು ತೋರ್ಸು, ಮುಂದಿಂದು ನಂಗೆ ಬಿಡು ಎಂದಿದ್ದಾರೆ.

ಹೆಸರು ತೋರಿಸು. ಅಯ್ಯೋ ಶಿವನೇ. ಒಂಬತ್ತು ದಿನದ ಹಿಂದೆ ಈ ಚಾಕು ಸಿಕ್ಕಿದ್ದು ಕಸದಲ್ಲಿ, ಅವಳು ದುಡಿಯುವ ಒಣಕಸದ ಶೆಡ್ಡಿನಲ್ಲಿ, ಬಾಟಲಿ ಒಂದು ಕಡೆ ಹಾಲಿನ ಕವರು ಒಂದು ಕಡೆ ಚಪ್ಪಲಿ ಒಂದು ಕಡೆ ಎಂದು ಆರಿಸುತ್ತ ಕೂತಾಗ ಅಂಗೈಗೆ ಏನೋ ಭಾರವಾಗಿ ಬಂತು, ನೋಡದೆಯೇ ಕಬ್ಬಿಣದ ರಾಶಿಗೆ ಎಸೆಯಲು ಕೈ ಎತ್ತಿದವಳು ಎಸೆಯಲಿಲ್ಲ, ಬೆರಳು ಮುಚ್ಚಿಕೊಂಡಿತು, ಆ ತೂಕ ಅಂಗೈಗೆ ಗೊತ್ತಿತ್ತು, ಹದಿನಾಲ್ಕು ವರ್ಷ ಈರುಳ್ಳಿ ಹೆಚ್ಚಿದ ತೂಕ, ಅಡಿಕೆ ಹೋಳು ಮಾಡಿದ ತೂಕ, ಪೀರಪ್ಪ ರಸ್ತೆ ಅಗೆದು ಕೇಬಲ್ ಹೂಳುವ ಕೆಲಸಕ್ಕೆ ಹೋಗುತ್ತಿದ್ದ, ಕೇಬಲ್ಲಿನ ಸಿಪ್ಪೆ ಸುಲಿಯಲು ಇದೇ ಚಾಕು, ಮನೆಗೆ ಬಂದು ನೆಲದ ಮೇಲಿಟ್ಟರೆ ಆಮೇಲೆ ಅವಳದು. ಹಿಡಿಯ ಎರಡೂ ಪಕ್ಕದ ಮರ ಉದುರಿಹೋಗಿತ್ತು, ಬರೀ ಕಬ್ಬಿಣ ಉಳಿದಿತ್ತು, ಅಲಗು ತುಕ್ಕಿನಲ್ಲಿ ಕಚ್ಚಿಕೊಂಡು ತೆಗೆಯಲು ಬಾರದು, ಇಂಥ ಚಾಕು ಊರಲ್ಲಿ ಸಾವಿರ ಇದ್ದಾವು, ಸಾವಿರವೇನು, ರಸೆಲ್ ಮಾರ್ಕೆಟ್ಟಿನ ಫುಟ್‌ಪಾತಿನ ಮೇಲೆ ಗುಡ್ಡೆ ಹಾಕಿ ಮಾರುತ್ತಾರೆ, ಅಂಗೈಯ ಮಾತು ಯಾರು ನಂಬುತ್ತಾರೆ. ಆಟೋ ಟಿಪ್ಪರಿನ ಜಗದೀಶ ಬೀಡಿ ಹೊತ್ತಿಸುತ್ತ ನಿಂತಿದ್ದ, ಓಡಿಹೋಗಿ ಕೇಳಿದಳು, ಈ ಲೋಡ ಎಲ್ಲೀದೋ ತಮ್ಮ, ಯಾಕಕ್ಕ ಏನಾಯ್ತು, ಎಲ್ಲೀದು ಹೇಳೋ ನಿನ್ನ ಕಾಲ ಬೀಳ್ತೀನಿ, ಅದಾ, ರಾಮಮೂರ್ತಿ ನಗರದಲ್ಲಿ ಹಳೇ ಲೇಬರ್ ಶೆಡ್ ಒಡೆದ್ರಲ್ಲ, ಅಲ್ಲಿ ಇದ್ದದ್ದೆಲ್ಲ ಬಾಚ್ಕೊಂಡ್ ಬಂದಿದ್ದು ಅಕ್ಕ. ರಾಮಮೂರ್ತಿ ನಗರ! ಕಗ್ಗದಾಸಪುರದಿಂದ ಎಷ್ಟು ದೂರ, ಮನಸ್ಸು ಮಾಡಿದರೆ ನಡೆದೇ ಬರಬಹುದು, ಅಂದರೆ ಗಂಡ ಅಲ್ಲಿದ್ದನೇ, ಇಷ್ಟು ಹತ್ತಿರ ಇದ್ದೂ ಬರಲಿಲ್ಲವೇ, ಇನ್ನೊಬ್ಬಳ ಜೊತೆ ಇದ್ದನೇ, ಇರಲಿ, ಇದ್ದರೆ ಇರಲಿ, ಎದೆಯಲ್ಲಿ ಉರಿ ಎದ್ದರೂ ಅವಳು ಅಂದೇ ದೇವರ ಮುಂದೆ ಹೇಳಿಕೊಂಡಿದ್ದಳು, ಸತ್ತ ಅನ್ನಿಸಿಕೊಳ್ಳುವುದಕ್ಕಿಂತ ಬಿಟ್ಟ ಅನ್ನಿಸಿಕೊಳ್ಳುವುದೇ ವಾಸಿ, ಬಿಟ್ಟವನನ್ನು ಬಯ್ಯಬಹುದು, ಬೀದಿಗೆ ಎಳೆದು ನಾಲ್ಕು ಜನರ ಮುಂದೆ ಮುಖಕ್ಕೆ ಉಗಿಯಬಹುದು, ಸತ್ತವನನ್ನು ಏನು ಮಾಡುವುದು. ಅಂಜನಮೂರ್ತಿ ಸಾಹೇಬರು ಒಳ್ಳೆಯವರು, ಕೂರಿಸಿ ನೀರು ಕೊಟ್ಟು ಕೇಳಿದರು, ಚಾಕು ಅಂದ್ರೆ ಊರ್ ತುಂಬ ಇರ್ತವಮ್ಮ, ನಿನ್ ಗಂಡಂದೇ ಅಂತ ಹೆಂಗ್ ಹೇಳ್ತೀಯ, ಹೆಸರದ ಸಾಹೇಬ್ರ, ಒಳಗ ಅಲಗಿನ ಮ್ಯಾಲ ನನ್ನ ಹೆಸರದ, ಹೌದಾ, ಹಂಗಿದ್ರೆ ತೆಗ್ಸು, ಹೆಸರು ಕಂಡ್ರೆ ಆ ಶೆಡ್ಡಿನ ಮೇಸ್ತ್ರೀನ ನಾಳೇನೇ ಕರ್ಸಿ ಕೇಳ್ತೀನಿ, ಯಾರ್ ಇದ್ರು, ಯಾವಾಗ್ ಹೋದ್ರು, ಎಲ್ಲಿಗೆ ಹೋದ್ರು, ಎಲ್ಲಾ ಬಾಯ್ ಬಿಡ್ತಾನೆ, ಹೆಸರಿಲ್ದೆ ನಾನ್ ಏನಂತ ಕರ್ಸ್ಲಿ ಹೇಳು.

ಹಲಸೂರು ಬಂತು, ಇಬ್ಬರು ಇಳಿದರು, ಬಾಳೆಹಣ್ಣಿನ ಗೊನೆ ಹಿಡಿದ ಒಬ್ಬಳು ಹತ್ತಿ ಪಕ್ಕದಲ್ಲಿ ಕೂತಳು, ಕಳಿತ ಹಣ್ಣು, ಸಿಪ್ಪೆಯ ಮೇಲೆಲ್ಲ ಕಪ್ಪು ಚುಕ್ಕಿ — ಚುಕ್ಕಿ, ಚುಕ್ಕಿ, ಎಲ್ಲಿ ನೋಡಿದರೂ ಇವತ್ತು ಚುಕ್ಕಿಯೇ, ಬೇಕಾದಲ್ಲಿ ಮಾತ್ರ ಇಲ್ಲ. ನಲವತ್ತೊಂದು ಚುಕ್ಕಿ ಅವಳ ಹೆಸರು. ಬೇರೆಯವರ ಹೆಸರು ಅಕ್ಷರದಲ್ಲಿರುತ್ತದೆ, ಓದಲು ಬಾರದ ಯಂಕಮ್ಮನ ಹೆಸರು ಚುಕ್ಕಿಯಲ್ಲಿತ್ತು, ಹೊಸದಾಗಿ ಬೆಂಗಳೂರಿಗೆ ಬಂದ ವರ್ಷ ಶಿವಾಜಿನಗರದ ಪಾತ್ರೆ ಅಂಗಡಿಯಲ್ಲಿ ಸ್ಟೀಲಿನ ಕೊಡ ಕೊಂಡರು, ಹೆಸರು ಹಾಕಬೇಕಾ ಎಂದು ಅಂಗಡಿಯವನು ಕೇಳಿದ, ಹಾಕ್ರಿ, ಯಂಕಮ್ಮ ಅಂತ ಹಾಕ್ರಿ ಎಂದ ಪೀರಪ್ಪ, ಕರೆಂಟಿನ ಪೆನ್ನು ಝುರ್ರೆಂದು ಕೊಡದ ಕತ್ತಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಹರಿಯಿತು, ಅವಳು ಬಾಯಿ ತೆರೆದು ನೋಡುತ್ತಿದ್ದಳು, ಆಗ ಈ ಹುಚ್ಚಪ್ಪ ಜೇಬಿನಿಂದ ಚಾಕು ತೆಗೆದು ಅಲಗು ಬಿಚ್ಚಿ ಚಾಚಿದ, ಇದಕ್ಕೂ ಹಾಕ್ರಿ, ಚಾಕೂಗೆ ಯಾರ್ ಸ್ವಾಮಿ ಹೆಸರು ಹಾಕ್ಸ್ತಾರೆ, ನಾ ಹಾಕಸ್ತೀನಿ, ಸರಿ ನಿಮ್ ಹೆಸರೇನು, ನನ್ನ ಹೆಸರು ಯಾಕ, ಆಕೀದೇ ಹಾಕ್ರಿ, ಎಲ್ಯಾರ ಕಳಕೊಂಡ್ರ ಮನಿಗಿ ಬರ್ತದ. ಅಂಗಡಿಯವನು ನಕ್ಕ, ಅವಳು ನಾಚಿಕೊಂಡು ಸೆರಗು ಬಾಯಿಗಿಟ್ಟಳು, ಹಾಕ್ತೀನಿ ಆದ್ರೆ ಇದು ಗಟ್ಟಿ ಉಕ್ಕು, ಪಾತ್ರೆ ಥರ ಇಳಿಯಲ್ಲ, ಮೇಲ್ಮೇಲೆ ಬೀಳುತ್ತೆ ಎಂದು ಅವನು ಹೇಳಿದ್ದು ಅಂದು ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಬೀಳಲಿಲ್ಲ, ಈಗ ಬೀಳುತ್ತಿದೆ, ಈಗ ಬಿದ್ದು ಏನು ಬಂತು. ಅಂದು ರಾತ್ರಿ ಬೆರಳಿಟ್ಟು ಎಣಿಸಿದ್ದಳು, ಕೊಡದ ಮೇಲೆಯೂ ನಲವತ್ತೊಂದು, ಚಾಕುವಿನ ಮೇಲೆಯೂ ನಲವತ್ತೊಂದು, ಪುಟ್ಟ ಪುಟ್ಟದು, ಪೀರಪ್ಪ ಗೊರಕೆ ಹೊಡೆಯುತ್ತಿದ್ದ. ಕೊಡದ ಮೇಲಿನ ಹೆಸರು ಇಂದಿಗೂ ಇದೆ, ಹದಿನಾರು ವರ್ಷ ಬೂದಿ ಹಾಕಿ ತಿಕ್ಕಿದ್ದಾಳೆ, ಹುಣಸೆಹಣ್ಣು ಹಾಕಿ ತಿಕ್ಕಿದ್ದಾಳೆ, ತೆಂಗಿನ ನಾರಿನಲ್ಲಿ ಕೈ ಕೆಂಪಾಗುವಂತೆ ತಿಕ್ಕಿದ್ದಾಳೆ, ತಿಕ್ಕಿದಷ್ಟೂ ಎದ್ದು ಕಾಣುತ್ತದೆ, ಹೊಲಸಿದ್ದಾಗ ಮುಚ್ಚಿಕೊಂಡದ್ದು ತೊಳೆದಾಗ ಫಳ್ಳೆಂದು ಹೊಳೆಯುತ್ತದೆ, ತಿಕ್ಕಿದರೆ ಹೆಸರು ಹೋಗುತ್ತದೆ ಎಂದು ಪಾತ್ರೆ ತಿಕ್ಕಿ ಬದುಕಿದ ಯಾವ ಹೆಂಗಸಿಗೆ ಗೊತ್ತಿರುತ್ತದೆ, ಹೇಳಿ.

ಒಂಬತ್ತು ದಿನ ಆ ಚಾಕುವಿಗೆ ಬಾಣಂತಿಗೆ ಮಾಡಿದಷ್ಟು ಆರೈಕೆ ಮಾಡಿದಳು, ಹಳೆಯ ಕುಬುಸದ ಬಟ್ಟೆಯಲ್ಲಿ ಸುತ್ತಿ ಒಳಗೆ ದೇವರ ಜಗಲಿಯ ಮೇಲೆ ಇಟ್ಟಳು, ಬೆಳಗ್ಗೆ ಸಂಜೆ ಕೀಲಿಗೆ ಕೊಬ್ಬರಿ ಎಣ್ಣೆ ಎರಡೆರಡು ಹನಿ, ಬೆಂಕಿಪೊಟ್ಟಣದ ಕಡ್ಡಿಯಿಂದ ಸಂದಿಯ ಮಣ್ಣು ಕೆದಕಿದಳು, ಉಗುರು ಹಾಕಿ ಮೀಟಿದಳು, ಬಾ, ಬಾಯಿ ಬಿಡು, ನನ್ನ ಹೆಸರು ಹೇಳು ಎಂದು ಅದರ ಜೊತೆ ಮಾತಾಡಿದಳು, ರೇವತಿ ಬಾಗಿಲಲ್ಲಿ ನಿಂತು ನೋಡಿ ಅಕ್ಕಾ ನಿಮಗೆ ತಲೆ ಕೆಟ್ಟಿದೆ ಎಂದು ನಕ್ಕು, ಆಮೇಲೆ ನಗದೆ ಒಳಗೆ ಹೋದಳು. ಕೈಯಿಂದ ಕೈಗೆ ಕೊಡಬಾರದು ಚಾಕುವನ್ನು, ಸಂಬಂಧ ಕಡಿಯುತ್ತದೆ, ನೆಲಕ್ಕಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು, ಅವ್ವ ಹೇಳಿದ್ದು, ಅವ್ವನ ಅವ್ವ ಹೇಳಿದ್ದು, ಮದುವೆಯಾದಂದಿನಿಂದ ನಡೆಸಿಕೊಂಡು ಬಂದದ್ದು, ಒಂದೇ ಒಂದು ದಿನ ತಪ್ಪಿತು, ಅಂದು ಅವನು ತಂತಿಯ ಸುರುಳಿ ಕಟ್ಟಲು ಅವಳ ಸೀರೆಯ ಅಂಚನ್ನೇ ಸೀಳಿದ್ದ, ಹಳೆಯದೆಂದುಕೊಂಡನಂತೆ, ಅವ್ವ ಕೊಟ್ಟ ಇಳಕಲ್ಲು ಹಳೆಯದಂತೆ, ಅವಳ ಮೈಯೆಲ್ಲ ಉರಿದುಹೋಯಿತು, ನಿನ್ನ ಕೈ ಸೇದಿಹೋಗ್ಲಿ ಎಂದಳು, ಇನ್ನೂ ಏನೇನೋ ಅಂದಳು, ಚಾಕು ಕೊಡ, ಕೆಲಸಕ್ಕ ಹೊತ್ತಾಗ್ಲತ್ತದ ಎಂದು ಅವನು ಕೈ ಚಾಚಿದ, ಈರುಳ್ಳಿ ಹೆಚ್ಚುತ್ತಿದ್ದವಳು ಎದ್ದು ಅವನ ಅಂಗೈಗೇ ಬಡಿದು ಕೊಟ್ಟಳು, ತೊಗೊ, ಹಾಳಾಗಿ ಹೋಗು, ಹೋದ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದನೋ ಇಲ್ಲವೋ, ಅವಳು ನೋಡಲಿಲ್ಲ, ಈರುಳ್ಳಿಯ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು, ಈರುಳ್ಳಿಯದೇ ಕಣ್ಣೀರು, ಅವತ್ತಿನದು.

ಇವತ್ತು ಬೆಳಗ್ಗೆ ಕುಬುಸದ ಬಟ್ಟೆಯ ಸಮೇತ ಸಂಚಿಗಿಟ್ಟುಕೊಂಡು ಶಿವಾಜಿನಗರಕ್ಕೆ ಬಂದದ್ದು, ಕಸಾಯಿಗಳ ಕತ್ತಿಗೆಲ್ಲ ಸಾಣೆ ಹಿಡಿಯುವ ಇನಾಯತ್ ಉಲ್ಲಾ ಸಾಬರು ಎಂಥ ತುಕ್ಕನ್ನೂ ಬಿಡಿಸುತ್ತಾರೆ ಎಂದು ಯಾರೋ ಹೇಳಿದ್ದರು, ಬಿಳಿ ಗಡ್ಡ, ಕನ್ನಡಕದ ಒಂದು ಕಾಲಿಗೆ ದಾರ, ಮೋಟಾರಿನ ಚಕ್ರದ ಹಿಂದೆ ಗೋಣಿಯ ಮೇಲೆ ಕೂತಿದ್ದರು, ಕೊಡಿ ಅಮ್ಮ ಎಂದರು, ಅವಳು ಹಲಗೆಯ ಮೇಲಿಟ್ಟಳು, ಕೈಗೆ ಕೊಡಲಿಲ್ಲ, ಅದೊಂದು ಜಾಣತನ ಮಾತ್ರ ಇತ್ತು ನೋಡು. ಅವರು ಎಣ್ಣೆ ಬಿಟ್ಟು ಕಬ್ಬಿಣದ ಇಕ್ಕಳಕ್ಕೆ ಸಿಕ್ಕಿಸಿ ಸಣ್ಣದಾಗಿ ತಟ್ಟಿದರು, ತಟ್ಟಿದರು, ಟಕ್ಕೆಂದಿತು, ಖುಲ್ ಗಯಾ ದೇಖೋ ಎಂದು ಮಗುವಿನಂತೆ ನಕ್ಕರು, ಅಲಗು ಹೊರಗೆ ಬಂತು, ಕಂದು ಬಣ್ಣದ ಹೊಪ್ಪಳೆ, ಒಂದಿಷ್ಟೂ ಹೊಳಪಿಲ್ಲ, ಇದರ ಅಡಿಯಲ್ಲಿದ್ದೇನೆ ನಾನು, ತೊಳೆದರೆ ಏಳುತ್ತೇನೆ, ಆಗ ಬಾಯಿ ಬಿಟ್ಟಳು, ಏನು ಹೇಳಬೇಕಿತ್ತು, ಹೆಸರದ ಸಾಬ್ರೇ ಸವಕಾಶ ಮಾಡ್ರಿ ಎಂದು ಹೇಳಬೇಕಿತ್ತು, ನಾಲ್ಕು ಮಾತು, ಹೇಳಲಿಲ್ಲ, ಹೇಳಿದ್ದೇನು, ಚಂದ ಮಾಡಿ ಕೊಡ್ರಿ, ಪೊಲೀಸ್ರಿಗಿ ತೋರ್ಸೋದದ, ಒಂದ್ ಚುಕ್ಕಿ ಸೈತ ಇರಬಾರ್ದು ನೋಡ್ರಿ. ಒಂದ್ ಚುಕ್ಕಿ ಸೈತ. ಈ ನಾಲಗೆಯೇ. ಫಿಕರ್ ಮತ್ ಕರೋ ಅಮ್ಮ, ಕನ್ನಡಿ ಮಾಡಿ ಕೊಡ್ತೀನಿ, ಸ್ವಲ್ಪ ದೂರ ನಿಲ್ಲಿ, ಕಿಡಿ ಹಾರ್ತದೆ ಎಂದರು, ಅವಳು ದೂರ ಹೋದಳು, ದೂರ ಹೋಗಿ ಏನು ಮಾಡಿದಳು, ಎದುರಿನ ಗಾಡಿಯಲ್ಲಿ ಹಸಿರು ಬಳೆ ನೋಡುತ್ತ ನಿಂತಳು, ಒಂದು ಡಜನ್ನು ಎತ್ತಿ ಬಿಸಿಲಿಗೆ ಹಿಡಿದು, ಇವತ್ತು ಹೆಸರು ಸಿಕ್ಕರೆ ನಾಳೆ ಮೇಸ್ತ್ರಿ ಬಾಯಿ ಬಿಟ್ಟರೆ ಈ ಬಳೆ ಇಟ್ಟುಕೊಂಡೇ ಹೋಗಿ ಅವನ ಮುಂದೆ ನಿಲ್ಲುತ್ತೇನೆ, ಕಿರಣನ ಅಮಾಸಿ ಹಾಳಾಗಲಿ ಎಂದುಕೊಂಡಳು, ಹಿಂದೆ ಚಕ್ರ ಝುರ್ರ್ ಎನ್ನುತ್ತಿತ್ತು, ಅದೇ ಸದ್ದು, ಹೆಸರು ಬರೆದಾಗ ಬಂದ ಸದ್ದೇ, ಅವಳಿಗೆ ಹಿತವೆನಿಸಿತ್ತು, ತಿರುಗಿ ನೋಡಬೇಕೆನಿಸಲಿಲ್ಲ. ತಿರುಗಿದಾಗ ಹಲಗೆಯ ಮೇಲೆ ಬೆಳ್ಳಿಯಂಥದ್ದು ಬಿದ್ದಿತ್ತು. ಎತ್ತಿಕೊಂಡಳು, ಒಂದು ಮಗ್ಗುಲು ನೋಡಿದಳು, ತಿರುವಿ ಇನ್ನೊಂದು ಮಗ್ಗುಲು ನೋಡಿದಳು, ಹೆಬ್ಬೆರಳು ಸವರಿದಳು, ಅದು ಎಲ್ಲಿಯೂ ತಡೆಯಲಿಲ್ಲ, ಹೆಸರೆಲ್ಲದ ಸಾಬ್ರೇ, ಯಾವ ಹೆಸರಮ್ಮ, ಚುಕ್ಕಿ, ಚುಕ್ಕೀಲೆ ಬರದದ್ದು, ಅಲಗಿನ ಮ್ಯಾಲ, ಸಾಬರ ಮುಖದ ನಗು ಇಳಿದುಹೋಯಿತು, ಚುಕ್ಕಿ ಇತ್ತಮ್ಮ, ಸಣ್ಣ ಸಣ್ಣ ಚುಕ್ಕಿ ಇತ್ತು, ತುಕ್ಕು ತಿಂದ್ರೆ ಉಕ್ಕಲ್ಲಿ ಹಂಗೇ ಗುಳಿ ಬೀಳ್ತದೆ, ಎಲ್ಲಾ ಹಳೇ ಚಾಕೂಲೂ ಇರ್ತದೆ, ನೀವೇ ಹೇಳಿದ್ರಲ್ಲ, ಒಂದ್ ಚುಕ್ಕೀನೂ ಇರಬಾರ್ದು ಅಂತ, ಅದಕ್ಕೇ ಎರಡು ಸಲ ಜಾಸ್ತಿ ಹಿಡ್ದೆ. ಸಾಲಾಗಿ ಇದ್ವೇನ್ರಿ, ಚೆಲ್ಲಾಪಿಲ್ಲಿ ಇದ್ವೇನ್ರಿ, ನೆಪ್ಪು ಮಾಡ್ರಿ ಸಾಬ್ರೇ, ಸಾಲು ಇತ್ತೇನ್ರಿ, ಅವಳು ಅವರ ಅಂಗಿಯ ತೋಳು ಹಿಡಿದು ಜಗ್ಗಿದಳು, ಜನ ನೋಡಿದರು, ಮುದುಕ ಕನ್ನಡಕ ತೆಗೆದು ಕಣ್ಣು ಮುಚ್ಚಿ ಕೂತರು, ತುಟಿ ಅಲ್ಲಾಡಿತು, ಯಾದ್ ನಹೀ ಮಾ, ನೆನಪಿಲ್ಲ, ಕಣ್ಣು ಮೊದಲಿನಂಗಿಲ್ಲ, ಕೈ ಮಾತ್ರ ಕೆಲಸ ಮಾಡ್ತದೆ, ಸುಳ್ಳು ಹೇಳಿ ಸಮಾಧಾನ ಮಾಡ್ಬಹುದು, ಹೇಳಲ್ಲ, ಎಂದು ಎರಡೂ ಕಿವಿ ಮುಟ್ಟಿಕೊಂಡರು, ಕೂಲಿ ಬೇಡ ಎಂದು ಕೈ ಆಡಿಸಿದರು, ಅವರ ಮೇಲೆ ಸಿಟ್ಟು ಬರಲಿ ಎಂದು ಅವಳು ಕಾದಳು, ಬರಲಿಲ್ಲ, ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು, ಆಡಿದವಳು ತಾನು, ಅಂದು ಹಾಳಾಗಿ ಹೋಗು ಎಂದವಳೂ ತಾನೇ, ಇಂದು ಒಂದು ಚುಕ್ಕಿಯೂ ಬೇಡ ಎಂದವಳೂ ತಾನೇ, ಎರಡನ್ನೂ ದೇವರು ಅಕ್ಷರಶಃ ನಡೆಸಿಕೊಟ್ಟ, ಹುಚ್ಚ ಮುಂಡಿ — ಎಂದು ತನ್ನನ್ನು ತಾನೇ ಬೈದುಕೊಂಡು, ಆ ಮಾತು ಹಲ್ಲಿಗೆ ತಾಕಿ ನಾಲಗೆ ಕಚ್ಚಿಕೊಂಡಳು, ಮುಂಡಿ ಎಂದರೆ ಗಂಡ ಸತ್ತವಳು, ಅದನ್ನೇ ಅಲ್ಲವೇ ಇನ್ನೂ ತಿಳಿಯಬೇಕಾದದ್ದು.

ಇಂದಿರಾನಗರ ದಾಟಿತು, ಮೆಟ್ರೋದ ಕಂಬಗಳು ಹಿಂದಕ್ಕೆ ಹೋದವು, ಬಾಳೆಹಣ್ಣಿನವಳು ಯಾವಾಗ ಇಳಿದಳೋ, ಸ್ಟೇಷನ್ನಿನ ಸ್ಟಾಪು ಬಂತು, ಯಾರೋ ಬಾಗಿಲು ಬಡಿದರು, ಯಂಕಮ್ಮ ಏಳಲು ಕಾಲು ಎಳೆದುಕೊಂಡಳು, ಎದ್ದು ಏನು ತೋರಿಸುವುದು, ಅಂಜನಮೂರ್ತಿ ಸಾಹೇಬರು ಕನ್ನಡಕ ಏರಿಸಿ ತಿರುಗಿಸಿ ನೋಡುತ್ತಾರೆ, ಎಲ್ಲಮ್ಮ ಹೆಸರು, ಹೋಯ್ತ್ರೀ ಸಾಹೇಬ್ರ, ಹೆಂಗ್ ಹೋಯ್ತು, ನಾನೇ ತಿಕ್ಕಿಸಿದೆ, ಇತ್ತು ಅಂತ ಏನು ಗ್ಯಾರಂಟಿ, ಅದೇ ಪ್ರಶ್ನೆ, ಇತ್ತು ಅಂತ ಅವಳಿಗೇ ಏನು ಗ್ಯಾರಂಟಿ, ತುಕ್ಕಿನ ಗುಳಿಯೋ ತನ್ನ ಹೆಸರೋ, ಯಾರದೋ ಚಾಕುವನ್ನು ಒಂಬತ್ತು ದಿನ ದೇವರ ಪಕ್ಕ ಇಟ್ಟು ಎಣ್ಣೆ ಎರೆದಳೋ, ಅಥವಾ ಕಳೆದರೆ ಮನೆಗೆ ಬರುತ್ತದೆ ಎಂದು ಅವನು ಬರೆಸಿದ್ದು ಬರೆಸಿದಂತೆಯೇ ಅವಳ ಅಂಗೈಗೆ ಬಂದು ಬಿದ್ದಿತ್ತೋ, ಹುಡುಕಿಕೊಂಡು ಬಂದದ್ದರ ಬಾಯನ್ನು ಅವಳೇ ಒರೆಸಿದಳೋ, ಬಸ್ಸು ಹೊರಟಿತು, ಸ್ಟೇಷನ್ನಿನ ಗೇಟು ಕಿಟಕಿಯಲ್ಲಿ ಬಂದು ಹೋಯಿತು. ಇನ್ನು ಕಿರಣ ಬರುತ್ತಾನೆ, ಅಮಾವಾಸ್ಯೆಗೆ, ಅಕ್ಕಿ ತರುತ್ತಾನೆ, ವೈನಿ ಹಟ ಬಿಡು ಎನ್ನುತ್ತಾನೆ, ನಾಲ್ಕು ಹೆಂಗಸರು ಕೂಡುತ್ತಾರೆ, ಅವರಲ್ಲಿ ಒಬ್ಬಳು ಒದ್ದೆ ಸೆರಗು ಹಿಡಿದು ಹಣೆಯ ಕುಂಕುಮ ಒರೆಸಲು ಹತ್ತಿರ ಬರುತ್ತಾಳೆ, ಬೇಡ ಎನ್ನಲು ಅವಳ ಕೈಯಲ್ಲಿ ಏನಿದೆ, ಚಾಕು ಇದೆ, ತೊಳೆದ ಚಾಕು. ಸಂಚಿಯಿಂದ ತೆಗೆದಳು, ಉಗುರು ಹಾಕುವ ಮೊದಲೇ ಅಲಗು ತಾನಾಗಿ ಬಿಚ್ಚಿಕೊಂಡಿತು, ಒಂಬತ್ತು ದಿನ ಬಾಯಿ ಬಿಡದ್ದು ಈಗ ಮುಟ್ಟಿದರೆ ಸಾಕು, ಏನಮ್ಮಾ ಬಸ್ಸಲ್ಲಿ ಚಾಕು ತೆಗೀತೀಯಾ, ಒಳಗಿಡು, ಎಂದ ಕಂಡಕ್ಟರ್, ಅವನ ಮಚ್ಚೆ ಕಂಡಿತು, ಅಡಗಿತು, ಇಡ್ತೀನಪ್ಪ ಇಡ್ತೀನಿ, ಒಂದೇ ಒಂದು ಸಲ ನೋಡಿ ಇಡ್ತೀನಿ, ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುತ್ತಿತ್ತು, ಓರೆ ಬೆಳಕಿನಲ್ಲಿ ಸವೆದ ಹೆಸರೂ ಕಾಣುತ್ತದೆ, ಕೊಡದ ಮೇಲೆ ಹಾಗೆ ಕಂಡದ್ದುಂಟು, ಅವಳು ಅಲಗನ್ನು ಮುಖದ ಹತ್ತಿರ ತಂದಳು, ಇನ್ನೂ ಹತ್ತಿರ, ಉಸಿರಿನ ಮಂಜು ಕೂತಿತು, ಸೆರಗಿನಿಂದ ಒರೆಸಿದಳು, ನಲವತ್ತೊಂದು ಬೇಡ, ಹತ್ತು ಬೇಡ, ಒಂದು ಇರಲಿ ಶಿವನೇ, ಒಂದೇ ಒಂದು ಇರಲಿ — ಇತ್ತು. ಕಂಡಿತು. ಅಲಗಿನ ನಡುವೆ, ದುಂಡಗೆ, ಒಂದು ಚುಕ್ಕಿ, ಅವಳು ಉಸಿರು ಬಿಗಿಹಿಡಿದು ಹೆಬ್ಬೆರಳು ಇಟ್ಟಳು, ಬೆರಳಿಗೆ ಏನೂ ತಾಕಲಿಲ್ಲ, ಬೆರಳು ತೆಗೆದಳು, ಇತ್ತು, ಅಲಗು ಸರಿಸಿದಳು, ಚುಕ್ಕಿಯೂ ಸರಿಯಿತು, ಬಸ್ಸು ಕುಲುಕಿದರೆ ಅದೂ ಕುಲುಕಿತು, ಕೆಂಪಗೆ, ಅವಳ ಹಣೆಯದು, ಆ ಅಷ್ಟು ತೊಳೆದ ಉಕ್ಕಿನ ಮೇಲೆ ಒಂದೇ ಒಂದು ಚುಕ್ಕಿ, ಕೆಂಪಗೆ, ಒಂದು ಚುಕ್ಕಿ